ಜೋಡಿ ಸಲಾಮಿನ ಸಿಳ್ಳೆ

ನನ್ನ ತಂಗಿ ಕುದುರೆಯಿಂದ ಬಿದ್ದಳು ಎಂದು ಕೊಟ್ಟೂರಿನ ಸಂತೆಯಲ್ಲಿ ಈಗಲೂ ಹೇಳುವವರಿದ್ದಾರೆ. ಬಿದ್ದದ್ದು ನಿಜ. ಆದರೆ ಅದರ ಬಾಲಕ್ಕೆ "ಹೆಣ್ಣುಮಗಳು, ಹಿಡಿತ ತಪ್ಪಿತು" ಎಂದು ಒಂದು ಮಾತು ಕಟ್ಟುತ್ತಾರಲ್ಲ, ಅದು ಸುಳ್ಳು. ಆ ಸುಳ್ಳನ್ನು ಮೊದಲು ಆಡಿದವನು ನಾನೇ, ಅವಳ ಒಡಹುಟ್ಟಿದ ಅಣ್ಣ. ಬಾಯಿಂದ ಹಬ್ಬಿಸಿದ್ದನ್ನು ಬಾಯಿಂದಲೇ ಅಳಿಸಲು ಹೋಗಿ ಸಾಕಾಗಿದೆ. ಒಬ್ಬನಿಗೆ ನಿಜ ತಿಳಿಸುವಷ್ಟರಲ್ಲಿ ಹಳೆಯ ಮಾತು ನಾಲ್ಕು ಊರು ದಾಟಿರುತ್ತದೆ. ಅದಕ್ಕೇ ಬರೆಯಲು ಕುಳಿತಿದ್ದೇನೆ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಅಕ್ಷರ ತಪ್ಪಿದ್ದರೆ ನಗಿರಿ. ಸಂಗತಿ ತಪ್ಪು ಎಂದು ಮಾತ್ರ ಅನ್ನಬೇಡಿ.

ಮೆಕ್ಕೆಜೋಳದ ಕೊಯ್ಲು ಮುಗಿದಿತ್ತು. ಉಚ್ಚಂಗಿದುರ್ಗದ ಗುಡ್ಡದ ಕೆಳಗಿನ ಬಯಲಿಗೆ ಸಿನಿಮಾದವರು ಬಂದರು. ಅವರಿಗೆ ಬೇಕಾದದ್ದು ಕುದುರೆ. ನಮ್ಮ ಸೀಮೆಯಲ್ಲಿ ಕುದುರೆ ಎಂದರೆ ಮದುವೆ ಮೆರವಣಿಗೆಯ ಕುದುರೆ. ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಎಲ್ಲ ಕಡೆಯಿಂದ ಕುದುರೆಯವರನ್ನು ಕರೆದರು. ಕೊಟ್ಟೂರಿನಿಂದ ನಾನು, ತಂಗಿ, ನಮ್ಮ ಎರಡು ಕುದುರೆ ಹೋದೆವು. ನನ್ನದು ಸರದಾರ, ಕಂದು ಬಣ್ಣದ ಗಂಡು. ಅವಳದು ಬಿಳಿ ಹೆಣ್ಣುಕುದುರೆ, ಮಲ್ಲಿಗೆ ಹೂವಿಗೆ ಹೆಸರಾದ ಹಡಗಲಿಯ ಕಡೆಯಿಂದ ತಂದದ್ದಕ್ಕೆ ಮಲ್ಲಿಗೆ ಎಂದು ಹೆಸರು.

ಇನ್ನೂರು ವರ್ಷಕ್ಕೂ ಹಿಂದಿನ ಕಥೆಯಂತೆ. ಅತ್ತ ಯುರೋಪಿನಲ್ಲಿ ನೆಪೋಲಿಯನ್ನನ ಯುದ್ಧಗಳು ನಡೆಯುತ್ತಿದ್ದ ಕಾಲ. ಇತ್ತ ನಮ್ಮ ಸೀಮೆಯಲ್ಲಿ ಇಂಗ್ಲಿಷರ ಕೆಂಪು ಕೋಟಿನ ಕುದುರೆದಂಡು, ಕಪ್ಪ ಕೊಡೆನೆಂದ ಒಬ್ಬ ನಾಯಕನ ರಾವುತರ ಮೇಲೆ ಬೀಳುತ್ತದೆ. ಆ ಡಿಕ್ಕಿಯೇ ಸಿನಿಮಾದ ಕೊನೆ. ಫೈಟ್ ಮಾಸ್ಟರ್ ಬಹಳ ಕಡೆ ಕುದುರೆ ಓಡಿಸಿದ ಮನುಷ್ಯ, ನಮ್ಮನ್ನೆಲ್ಲ ನೆಲದ ಮೇಲೆ ಕೂರಿಸಿ ಕಡ್ಡಿಯಿಂದ ಗೀಚಿ ತೋರಿಸಿದ. ಕೆಂಪು ಕೋಟಿನವರು ಮೊಣಕಾಲಿಗೆ ಮೊಣಕಾಲು ತಗುಲುವಂತೆ ಒಂದೇ ಸಾಲಾಗಿ ಬರಬೇಕು. ಮೊದಲು ನಡಿಗೆ, ಆಮೇಲೆ ಕುಕ್ಕುಲೋಟ, ಕೊನೆಯ ಒಂದು ಹೊಲದ ಉದ್ದದಲ್ಲಿ ಮಾತ್ರ ಪೂರ್ತಿ ಲಗಾಮು ಬಿಡಬೇಕು. ಮೊದಲೇ ಬಿಟ್ಟರೆ ಗಟ್ಟಿ ಕುದುರೆ ಮುಂದೆ ಹೋಗಿ ಬಡಕಲು ಹಿಂದುಳಿದು ಸಾಲು ಹರಿಯುತ್ತದೆ. ನಾಯಕನ ರಾವುತರು ಸಾಲು ಕಟ್ಟುವವರಲ್ಲ. ಗುಂಪಾಗಿ ಬಂದು, ಕೈ ಬಿಚ್ಚಿದ ಹಾಗೆ ಹರಡಿ, ಒಬ್ಬೊಬ್ಬನೂ ತನ್ನ ಎದುರಾಳಿಯನ್ನು ಆರಿಸಿಕೊಂಡು ಕಡಿಯುವವರು.

ಡಿಕ್ಕಿ ಎಂದರೆ ನಿಜವಾದ ಡಿಕ್ಕಿಯಲ್ಲ. ಎರಡು ಕುದುರೆಗಳ ನಡುವೆ ಒಂದು ಕುದುರೆ ನುಸುಳುವಷ್ಟು ಸಂದು ಬಿಟ್ಟು, ಆ ಕಡೆಯವರು ಈ ಕಡೆಗೆ, ಈ ಕಡೆಯವರು ಆ ಕಡೆಗೆ ದಾಟಬೇಕು. ಬಲಗೈಯಲ್ಲಿ ಕತ್ತಿ ಇರುವುದರಿಂದ ಬಲಕ್ಕೆ ಬಲ ತಗುಲುವಂತೆ ಹಾಯಬೇಕು. ಮೆಕ್ಕೆಜೋಳದ ಕೂಳೆ ಗೊರಸಿಗೆ ಚುಚ್ಚುತ್ತದೆ ಎಂದು ಮೊದಲು ಹೊಲವನ್ನೆಲ್ಲ ಕಿತ್ತು, ಹರಗಿ, ಕುಂಟೆ ಹೊಡೆದು, ಇಲಿಯ ಬಿಲ ಹುಡುಕಿ ಮುಚ್ಚಿದೆವು. ಆಮೇಲೆ ಸುಣ್ಣದ ಪುಡಿ ಉದುರಿಸಿ ಪ್ರತಿಯೊಬ್ಬನಿಗೂ ಒಂದು ದಾರಿ ಎಳೆದರು. ನಿನ್ನ ಗೆರೆ ಬಿಟ್ಟೆಯೋ, ಪಕ್ಕದವನ ಎದೆಗೆ ಬಿದ್ದೆ.

ಆಯ್ಕೆಯ ದಿನ ಎಲ್ಲರನ್ನೂ ಒಂದು ಸುತ್ತು ಓಡಿಸಿ ನೋಡಿದರು. ತಂಗಿ ನಮ್ಮಂತೆಯೇ ರುಮಾಲು ಸುತ್ತಿಕೊಂಡು ಓಡಿಸಿದಳು. ಅಪ್ಪ ಕುರಿಹಿಂಡಿನ ಹಿಂದೆ ತಟ್ಟುಕುದುರೆಯ ಮೇಲೆ ಗಂಟುಮೂಟೆ ಹೇರಿಕೊಂಡು ಊರೂರು ಅಲೆಯುತ್ತಿದ್ದಾಗ ಅವಳು ಆ ಗಂಟಿನ ಮೇಲೆ ಕುಳಿತೇ ಬೆಳೆದವಳು. ಅವಳ ಕುಳಿತುಕೊಳ್ಳುವಿಕೆಯಲ್ಲಿ ಕುದುರೆ ಎಲ್ಲಿ ಮುಗಿಯಿತು, ಹುಡುಗಿ ಎಲ್ಲಿ ಶುರುವಾದಳು ತಿಳಿಯುವುದಿಲ್ಲ.

"ಯಾರಪ್ಪಾ ಆ ಬಿಳಿ ಕುದುರೆ ಹುಡುಗ?" ಎಂದ ಫೈಟ್ ಮಾಸ್ಟರ್.

"ಹುಡುಗ ಅಲ್ರಿ. ನನ್ನ ತಂಗಿ," ಎಂದೆ.

ಅವನು ಅವಳ ಕಡೆ ಬೆರಳು ತೋರಿಸಿದ. "ಮೀಸೆ ಅಂಟಿಸಿದ್ರೆ ಯಾರಿಗೆ ಗೊತ್ತಾಗುತ್ತೆ? ನಾಯಕನ ಗುಂಪಿನಲ್ಲಿ ಮುಂದೆ, ನಡುವೆ ಹಾಕಿ."

ಕೂಡ್ಲಿಗಿಯ ಕುದುರೆಯವ, ನಮಗಿಂತ ಹಿರಿಯ, ಬೀಡಿ ತೆಗೆದು ನಕ್ಕ. "ನಮಗ ಮೀಸಿ ದೇವ್ರು ಕೊಟ್ಟಾನ. ನಿನ್ನ ತಂಗಿಗಿ ಸಿನಿಮಾದವ್ರು ಕೊಡ್ತಾರಂತ."

"ಮೀಸಿ ಕೊಟ್ಟ ದೇವ್ರು ಕುದ್ರಿ ಮ್ಯಾಲ ಕುಂದ್ರೋದೂ ಕೊಟ್ಟಿದ್ರ ಚಲೋ ಇತ್ತು ನೋಡು, ಮಾವ," ಎಂದಳು ತಂಗಿ. ಅವನ ಕುದುರೆ ಅಂದು ಬೆಳಿಗ್ಗೆಯೇ ಅವನನ್ನು ಬೇಲಿಗೆ ಎಸೆದಿತ್ತು. ಎಲ್ಲರೂ ನಕ್ಕರು. ನಾನೂ ನಕ್ಕೆ. ನನಗೆ ಸಿಕ್ಕಿದ್ದು ಕೆಂಪು ಕೋಟು. ಸಾಲಿನಲ್ಲಿ ಯಾರ ಕಣ್ಣಿಗೂ ಬೀಳದ ಒಂದು ಜಾಗ, ತಂಗಿಯ ಗೆರೆಯ ಪಕ್ಕದ ಗೆರೆ.

ಮೊದಲ ತಾಲೀಮು ಕೆಟ್ಟದ್ದು ನಗಾರಿಯಿಂದ. ಯುದ್ಧದ ಕಳೆ ಬರಲಿ ಎಂದು ನಗಾರಿಯವರನ್ನು ನಿಲ್ಲಿಸಿದ್ದರು. ಅವರು ಬಾರಿಸಲು ಶುರುಮಾಡಿದ ಕೂಡಲೇ ಎರಡೂ ಕಡೆಯ ದಂಡು ನಿಂತಲ್ಲೇ ಕುಣಿಯತೊಡಗಿತು. ಮದುವೆಯ ಕುದುರೆಗಳು ಅವು. ವಾದ್ಯ ಕೇಳಿದರೆ ಕಾಲೆತ್ತಿ ಹೆಜ್ಜೆ ಹಾಕಬೇಕೆಂದು ಕಲಿತವು. ಇಂಗ್ಲಿಷರ ಅಧಿಕಾರಿಯ ವೇಷದವನು ಕತ್ತಿ ಹಿರಿದು ಕೂತಿದ್ದಾನೆ, ಅವನ ಕುದುರೆ ಮದುಮಗನನ್ನು ಹೊತ್ತಂತೆ ಸೊಂಟ ಆಡಿಸುತ್ತಿದೆ. "ಬೀಗ್ರು ಬಂದ್ರು, ಬೆಲ್ಲ ನೀರು ಕೊಡ್ರಿ," ಎಂದು ಯಾರೋ ಕೂಗಿದರು. ಫೈಟ್ ಮಾಸ್ಟರ್ ತಲೆ ಹಿಡಿದುಕೊಂಡು ಕೂತ. ನಗಾರಿಯನ್ನು ಆಮೇಲೆ ಸೇರಿಸಿಕೊಳ್ಳುತ್ತೇವೆ ಎಂದು ವಾದ್ಯದವರನ್ನು ಕಳುಹಿಸಿದರು.

ಅವತ್ತೇ ನನಗೆ ಎಚ್ಚರವಾಗಬೇಕಿತ್ತು. ಕುದುರೆ ಕಲಿತದ್ದನ್ನು ಜಾಗ ಬದಲಾಯಿತೆಂದು ಮರೆಯುವುದಿಲ್ಲ.

ನಮ್ಮ ಮನೆಯ ಕುದುರೆಗಳು ಕಲಿತದ್ದು ಇನ್ನೊಂದಿದೆ. ಮದುಮಗ ಇಳಿದ ಮೇಲೆ ಹೆಣ್ಣಿನ ಕಡೆಯವರ ಬಾಗಿಲಿಗೆ ಎರಡೂ ಪಕ್ಕ ಒಂದೊಂದು ಕುದುರೆ ನಿಂತು, ಮುಂಗಾಲು ಎತ್ತಿ ಸಲಾಮು ಮಾಡಬೇಕು. ಎರಡೂ ಒಂದೇ ಕ್ಷಣಕ್ಕೆ ಏಳಬೇಕು. ಜೋಡಿ ಸಲಾಮು ಎಂದರೆ ಕೊಟ್ಟೂರಿನ ನಾವೇ ಎಂದು ತಂಬ್ರಹಳ್ಳಿಯ ತನಕ ಹೆಸರು. ಅದರ ಗುಟ್ಟು ಸಿಳ್ಳೆ. ನಾಲಿಗೆ ಮಡಿಸಿ ಹಾಕುವ ಸಣ್ಣ, ಚೂಪಾದ ಸಿಳ್ಳೆ. ಮರಿಯಿದ್ದಾಗಲೇ ಮೊಣಕಾಲಿಗೆ ಕಡ್ಡಿ ಮುಟ್ಟಿಸಿ, ಸಿಳ್ಳೆ ಹಾಕಿ, ಎದ್ದಾಗ ಬೆಲ್ಲ ಕೊಟ್ಟು ಕಲಿಸುತ್ತೇನೆ. ಸರದಾರನಿಗೂ ಅದೇ ಸಿಳ್ಳೆ, ಮಲ್ಲಿಗೆಗೂ ಅದೇ. ಒಬ್ಬ ಮನುಷ್ಯ ಹಾಕಿದರೆ ಎರಡೂ ಏಳಬೇಕಲ್ಲ.

ತಾಲೀಮು ದಿನದಿನಕ್ಕೆ ಹದಕ್ಕೆ ಬಂತು. ನಡೆಸಿ ದಾಟಿಸಿದರು, ಆಮೇಲೆ ಕುಕ್ಕುಲೋಟದಲ್ಲಿ, ಆಮೇಲೆ ನಾಗಾಲೋಟದಲ್ಲಿ. ಹೊಗೆ ಹಾಕಿ ಅಭ್ಯಾಸ ಮಾಡಿಸಿದರು. ಮದುವೆಯ ಜರಿಯ ಜೀನು ತೆಗೆದು ಸಿಪಾಯಿ ಜೀನು ಕಟ್ಟಿದಾಗ ಎಷ್ಟೋ ಜನಕ್ಕೆ ಕಾಲಿಡುವ ರಿಕಾಪು ಉದ್ದವಾಗಿ ತೊಡೆ ಸವೆದು ಹುಣ್ಣಾಯಿತು. ತಂಗಿ ತನ್ನದನ್ನು ಎರಡು ತೂತು ಮೇಲಕ್ಕೆ ಕಟ್ಟಿಕೊಂಡಳು. ಫೈಟ್ ಮಾಸ್ಟರ್ ಅದನ್ನು ನೋಡಿ ಎಲ್ಲರಿಗೂ ಹಾಗೆಯೇ ಕಟ್ಟಿಸಿದ. ದಿನ ಬೆಳಗಾದರೆ "ಬಿಳಿ ಕುದುರೆಯನ್ನು ನೋಡಿ ಕಲಿತ್ಕೊಳ್ರೋ" ಎಂದು ಅವನ ಮಾತು. ಸಂಜೆ ಚಹಾಕ್ಕೆ ಅವಳನ್ನು ಕರೆದು ಕೂರಿಸಿಕೊಳ್ಳುತ್ತಿದ್ದ. ನಾನು ಎರಡು ಕುದುರೆಗೂ ಹುಲ್ಲು ಹಾಕುತ್ತಿದ್ದೆ.

ಅವಳ ಕೈ ಹಿಡಿದು ಲಗಾಮು ಕಲಿಸಿದವನು ನಾನು. ಮಲ್ಲಿಗೆಯನ್ನು ಪಳಗಿಸಿದವನು ನಾನು. ಇದು ಒಳಗೆ ಕುದಿಯುತ್ತಿತ್ತು. ಮುಚ್ಚಿಡುವುದಿಲ್ಲ.

ನಿಜವಾಗಿ ಚಿತ್ರ ತೆಗೆಯುವ ದಿನ ಕ್ಯಾಮೆರಾ ಎಲ್ಲಿರುತ್ತದೆ ಎಂದು ನೋಡಿಟ್ಟುಕೊಂಡೆ. ಎರಡು ದಂಡು ಸೇರುವ ಜಾಗದ ಪಕ್ಕದಲ್ಲೇ ಇತ್ತು. ಸರಿಯಾಗಿ ಅಲ್ಲಿ ಸರದಾರನನ್ನು ಎಬ್ಬಿಸಿದರೆ, ಹೊಗೆಯ ನಡುವೆ ಎರಡು ಕಾಲ ಮೇಲೆ ನಿಂತ ಕುದುರೆ, ಅದರ ಮೇಲೆ ನಾನು. ಯಾರನ್ನೂ ಕೇಳಲಿಲ್ಲ. ಅದೇ ಸಿಳ್ಳೆಯನ್ನು ಮಲ್ಲಿಗೆಯೂ ಕೇಳಿಸಿಕೊಂಡೀತು ಎಂಬುದು ನೆನಪಿಗೆ ಬಂತೋ ಇಲ್ಲವೋ ಎಂದು ಕೇಳುತ್ತೀರಿ. ಬಂತು. ಇಷ್ಟು ಗೊರಸಿನ ಸದ್ದಿನಲ್ಲಿ ಎಲ್ಲಿ ಕೇಳುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ನಂಬಿಕೆ ಇರಲಿಲ್ಲ. ಆದರೂ ಹಾಕಿದೆ.

ಬಾವುಟ ಬಿತ್ತು. ನಮ್ಮ ಸಾಲು ನಡೆಯಿತು, ಕುಕ್ಕುಲೋಟಕ್ಕೆ ಬಂತು, ಲಗಾಮು ಬಿಟ್ಟೆವು. ಎದುರಿನಿಂದ ಅವರು ಧೂಳಿನ ಗೋಡೆಯಂತೆ ಬಂದರು. ಬಿಳಿ ಕುದುರೆ ಎಲ್ಲರಿಗಿಂತ ಮುಂದಿತ್ತು, ತಂಗಿಯ ಕತ್ತಿ ಮೇಲಿತ್ತು. ನಾನು ಸಿಳ್ಳೆ ಹಾಕಿದೆ. ಸರದಾರ ಎದ್ದ. ಅತ್ತ ನಾಗಾಲೋಟದಲ್ಲಿದ್ದ ಮಲ್ಲಿಗೆ ಹಿಂಗಾಲು ನೆಲಕ್ಕೆ ಊರಿ, ಜಾರುತ್ತಾ, ಮುಂಗಾಲು ಎತ್ತಿತು. ಅಷ್ಟು ವೇಗದಿಂದ ನಿಲ್ಲುವ ಕುದುರೆಯ ಮೇಲೆ, ಗೊತ್ತಿಲ್ಲದೆ ಕೂತ ಯಾರೂ ಉಳಿಯುವುದಿಲ್ಲ. ತಂಗಿ ಕತ್ತಿಯ ಸಮೇತ ಕುದುರೆಯ ಕತ್ತಿನ ಮೇಲಿಂದ ಹಾರಿ ಬಿದ್ದಳು. ಹಿಂದೆ ಬಂದ ಕೂಡ್ಲಿಗಿಯವನ ಕುದುರೆ ಅವಳನ್ನು ದಾಟಿ ಹಾರಿತು. ಅದರ ಗೊರಸಿಗೆ ಅವಳ ರುಮಾಲು ಸಿಕ್ಕಿ ಹೋಯಿತು. ಒಂದು ಗೇಣು ಈಚೆಗಾಗಿದ್ದರೆ ತಲೆಯೇ ಹೋಗುತ್ತಿತ್ತು.

ನಾನು ಇಳಿದು ಓಡುವ ಹೊತ್ತಿಗೆ ಎಲ್ಲರೂ ಸೇರಿದ್ದರು. ಗಲ್ಲ ಸೀಳಿ ರಕ್ತ ಅಂಟುಮೀಸೆಯ ಮೇಲೆಲ್ಲ ಹರಿದಿತ್ತು. ಫೈಟ್ ಮಾಸ್ಟರ್ ನನ್ನನ್ನು ಕೇಳಿದ: "ಏನಾಯ್ತು? ಪಕ್ಕದಲ್ಲಿದ್ದವನು ನೀನು."

"ಹೆಣ್ಣುಡುಗಿ ಅಲ್ರಿ, ಹಿಡಿತ ತಪ್ತು," ಎಂದೆ. "ಅಕಿ ಬಿದ್ದದ್ ನೋಡಿ ನನ್ ಕುದ್ರೀನೂ ಬೆದರ್ತು."

ಒಬ್ಬರೂ ಮರುಪ್ರಶ್ನೆ ಕೇಳಲಿಲ್ಲ. ಕ್ಯಾಮೆರಾದಲ್ಲಿ ಮಲ್ಲಿಗೆ ಹೊಗೆಯಲ್ಲಿ ಮುಚ್ಚಿಹೋಗಿತ್ತು. ನಾನು ಮಾತ್ರ ಬಹಳ ಚೆನ್ನಾಗಿ ಬಂದಿದ್ದೆ. ನನ್ನ ಸುಳ್ಳಿಗೆ ಸಾಕ್ಷಿ ಬೇಕಾಗಲೇ ಇಲ್ಲ. ಅವಳು ಹೆಣ್ಣು ಎಂಬುದೇ ಸಾಕಾಯಿತು. ಅಷ್ಟು ದಿನ ಅವಳ ರಿಕಾಪು ನೋಡಿ ತಮ್ಮದನ್ನು ಕಟ್ಟಿಕೊಂಡವರೇ "ನಾ ಮೊದ್ಲ ಅಂದಿದ್ದೆ" ಎಂದರು.

ಹರಪನಹಳ್ಳಿಯ ಆಸ್ಪತ್ರೆಗೆ ಜೀಪಿನಲ್ಲಿ ಹೋಗುವಾಗ ಅವಳು ಗಲ್ಲಕ್ಕೆ ಬಟ್ಟೆ ಒತ್ತಿಕೊಂಡು ನನ್ನ ಕಡೆ ತಿರುಗಿದಳು.

"ಸಿಳ್ಳಿ ನಿಂದಾ?"

"ಯಾವ ಸಿಳ್ಳಿ?" ಎಂದೆ.

ಅವಳು ಕಿಟಕಿಯ ಕಡೆ ಮುಖ ಮಾಡಿದಳು. ಹೊಲಿಗೆ ಹಾಕುವಾಗಲೂ ಅಳಲಿಲ್ಲ. ಅಂದಿನಿಂದ ನನ್ನೊಡನೆ ಮಾತು ಬಿಟ್ಟಳು. ಮಲ್ಲಿಗೆಯೊಡನೆ ಆಡುತ್ತಿದ್ದಳು, ನನಗೆ ಕೇಳುವಂತೆ. "ನೀ ಏನೂ ತಪ್ಪು ಮಾಡಿಲ್ಲವ್ವಾ. ಹೇಳಿದ್ದು ಕೇಳೀದಿ. ಮನುಷ್ಯಾರಿಗಿ ನಿನ್ನಷ್ಟು ನಿಯತ್ತು ಎಲ್ಲಿ ಬರ್ಬೇಕು?" ನಾನು ಹುಲ್ಲು ಹಾಕಿ ಬರುತ್ತಿದ್ದೆ.

ಮತ್ತೆ ಚಿತ್ರ ತೆಗೆಯಬೇಕಿತ್ತು. ಆದರೆ ಯಾರೂ ಮಲ್ಲಿಗೆಯ ಪಕ್ಕದ ಗೆರೆಯಲ್ಲಿ ಓಡಿಸಲು ಒಪ್ಪಲಿಲ್ಲ. ಕುದುರೆಗಳ ಮೇಲ್ವಿಚಾರಣೆಗೆಂದು ಇದ್ದ ಪಶುವೈದ್ಯರು, ಓಟದ ನಡುವೆ ಕಾರಣವಿಲ್ಲದೆ ನಿಲ್ಲುವ ಕುದುರೆಯನ್ನು ದಂಡಿನಲ್ಲಿ ಬಿಡಲಾಗದು ಎಂದರು. ಅವರ ಮಾತು ಸರಿಯೇ. ಕಾರಣ ಅವರಿಗೆ ಗೊತ್ತಿರಲಿಲ್ಲ. ಬಿಳಿ ಕುದುರೆ, ಹುಡುಗಿ ಇಬ್ಬರನ್ನೂ ಮರುದಿನ ಬೆಳಿಗ್ಗೆ ಲಾರಿಗೆ ಹತ್ತಿಸಿ ಕಳಿಸುವುದೆಂದು ತೀರ್ಮಾನವಾಯಿತು. ಅವಳ ಜಾಗಕ್ಕೆ ನನ್ನನ್ನು ಹಾಕಿದರು. ನಾಯಕನ ಗುಂಪಿನಲ್ಲಿ, ಮುಂದೆ, ನಡುವೆ.

ಸುದ್ದಿ ಊರಿಗೂ ಹೋಗಿತ್ತು. ಬಾಗಳಿಯ ಒಂದು ಮದುವೆಯವರು ಫೋನು ಮಾಡಿ, "ಕುದ್ರಿ ನೀನಾ ಹಿಡ್ಕಂಡು ಬಾರಪ್ಪ, ಹುಡುಗೀನ ಕಳಿಸ್ಬ್ಯಾಡ. ಮದುಮಗನ ಬೀಳಿಸ್ಯಾಳು," ಎಂದರು. ನಾನು "ಹೂಂ ರಿ" ಎಂದೆ. ಬಿದ್ದವಳು ಅವಳು, ಈಗ ಅವಳ ಕೈಯಿಂದ ಲಗಾಮನ್ನೂ ಕಿತ್ತುಕೊಳ್ಳುತ್ತಿದ್ದೇನೆ.

ಬೆಳಿಗ್ಗೆ ಲಾರಿ ಬಂತು. ಹಿಂದಿನ ಹಲಗೆ ಇಳಿಸಿದರು. ತಂಗಿ ಮಲ್ಲಿಗೆಯ ಲಗಾಮು ಹಿಡಿದು ನಡೆದಳು. ಯಾರ ಕಡೆಯೂ ನೋಡಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ. ಮಲ್ಲಿಗೆ ಹಲಗೆಯ ಮೇಲೆ ಮುಂಗಾಲು ಇಟ್ಟಿತು. ಚಹಾ ಕುಡಿಯುತ್ತಾ ನಿಂತಿದ್ದವರ ನಡುವೆ ನಾನು ನಾಯಕನ ರಾವುತನ ಅಂಗಿ ತೊಟ್ಟು ನಿಂತಿದ್ದೆ. ಅವಳ ಅಂಗಿ ಅದು, ತೋಳು ನನಗೆ ಗಿಡ್ಡವಾಗಿತ್ತು.

"ಲಾರಿ ನಿಲ್ಲಿಸ್ರಿ," ಎಂದೆ. ಫೈಟ್ ಮಾಸ್ಟರ್ ಬಳಿಗೆ ಹೋದೆ. "ಹಿಡಿತ ತಪ್ಪಿದ್ದು ಸುಳ್ಳು. ನಾ ಸಿಳ್ಳಿ ಹಾಕ್ದೆ. ನಮ್ ಕುದ್ರಿ ನನ್ ಸಿಳ್ಳಿಗೆ ಏಳ್ತಾವ. ನಾ ಕ್ಯಾಮೆರಾದಾಗ ಬರ್ಬೇಕು ಅಂತ ಹಾಕ್ದೆ. ಅಕಿ ಬೀಳ್ತಾಳ ಅಂತ ಗೊತ್ತಿತ್ತು ಅಂದ್ರೂ ಸರಿ."

ಕೂಡ್ಲಿಗಿಯವ ಹೇಳಿದ: "ತಂಗಿ ಮ್ಯಾಲಿನ ಕಕ್ಕುಲಾತಿಗಿ ಸುಳ್ ಹೇಳ್ತಾನ್ರಿ. ಸಿಳ್ಳಿಗೆ ನಿಲ್ಲೋ ಕುದ್ರಿ ಎಲ್ಲ್ಯಾರ ಐತೇನು?"

ಸುಳ್ಳನ್ನು ಕೂಡಲೇ ನಂಬಿದ್ದವರು ನಿಜಕ್ಕೆ ಪುರಾವೆ ಕೇಳಿದರು. ಸಿಟ್ಟು ನೆತ್ತಿಗೇರಿತು. ನಾನು ಬಾಯಿ ತೆರೆಯುವ ಮೊದಲೇ ಹಲಗೆಯ ಮೇಲಿಂದ ತಂಗಿಯ ದನಿ ಬಂತು.

"ಮಾತು ಬ್ಯಾಡ. ಮಾಡಿ ತೋರ್ಸು."

ಆ ಕೆಲವು ದಿನಗಳಲ್ಲಿ ನನಗೆ ಅವಳು ಆಡಿದ ಮೊದಲ ಮಾತು. ಮಲ್ಲಿಗೆಯನ್ನು ಹಿಂದಕ್ಕೆ ಇಳಿಸಿದಳು. ಜೀನು ಲಾರಿಯೊಳಗಿತ್ತು. ಅದನ್ನು ಕೇಳಲಿಲ್ಲ, ಬರಿಬೆನ್ನಿಗೆ ಹಾರಿ ಕೂತು ಹೊಲದ ಆ ಕೊನೆಗೆ ಹೋದಳು. ಪಶುವೈದ್ಯರು ಬೇಡವೆನ್ನಲು ಕೈ ಎತ್ತುವ ಹೊತ್ತಿಗೆ ತಿರುಗಿ ನಾಗಾಲೋಟದಲ್ಲಿ ಬರುತ್ತಿದ್ದಳು. ನೇರ ನಮ್ಮ ಗುಂಪಿನ ಮೇಲೆಯೇ. ಜನ ಚದುರಿದರು. ಕೂಡ್ಲಿಗಿಯವನ ಚಹಾ ಅಂಗಿಯ ಮೇಲೆ ಚೆಲ್ಲಿತು. ನನ್ನ ನಾಲಿಗೆ ಒಣಗಿತ್ತು. ಮಡಿಸಲು ಆಗಲಿಲ್ಲ. ಅವಳ ಮುಖ ಕಾಣುವಷ್ಟು ಹತ್ತಿರ ಬಂದಾಗ ಸಿಳ್ಳೆ ಹೊರಟಿತು.

ಮಲ್ಲಿಗೆ ಹಿಂಗಾಲು ಊರಿತು, ಜಾರಿತು, ಎದ್ದಿತು. ನಮ್ಮ ತಲೆಗಳ ಮೇಲೆ ಅದರ ಗೊರಸು ಆಡುತ್ತಿತ್ತು. ತಂಗಿ ಅದರ ಬೆನ್ನಿಗೆ ತೊಗಲಿನ ಹಾಗೆ ಅಂಟಿದ್ದಳು. ಸಿಳ್ಳೆ ಬರುವುದು ಗೊತ್ತಿದ್ದರೆ ಅವಳನ್ನು ಬೀಳಿಸುವ ಕುದುರೆ ಹುಟ್ಟಿಲ್ಲ. ಹೊಲಿಗೆ ಹಾಕಿದ ಗಲ್ಲದಿಂದ ಒಂದು ಹನಿ ಮಾತ್ರ ಅದರ ಕತ್ತಿನ ಕೂದಲ ಮೇಲೆ ಬಿತ್ತು.

"ಇನ್ನೊಮ್ಮಿ ಬೇಕೇನ್ರಿ, ಮಾವ?" ಎಂದಳು, ಮೇಲಿಂದಲೇ.

"ಸಾಕವ್ವ," ಎಂದ ಕೂಡ್ಲಿಗಿಯವ, ಅಂಗಿ ಒರೆಸಿಕೊಳ್ಳುತ್ತಾ. "ನನ್ ಮೀಸೀನೂ ಬೇಕಾದ್ರ ಒಯ್ಯಿ."

ಫೈಟ್ ಮಾಸ್ಟರ್ ನನ್ನನ್ನು ಬೈದದ್ದನ್ನು ಬರೆಯಲಾಗದು. ನನ್ನನ್ನೇ ಲಾರಿ ಹತ್ತಿಸಿ ಎಂದ. ತಂಗಿ ತಡೆದಳು. ನನ್ನ ಮೇಲಿನ ಪ್ರೀತಿಯಿಂದ ಎಂದು ತಿಳಿಯಬೇಡಿ.

"ಕಳಿಸ್ಬ್ಯಾಡ್ರಿ. ಅವ್ನು ಕೆಂಪು ಕೋಟು ಹಾಕ್ಕಂಡು ನನ್ನ ಎದುರು ಗೆರಿಗೇ ಬರ್ಲಿ. ನಾ ಮಲ್ಲಿಗೆ ಕಿವಿಗೆ ಕುರಿ ಉಣ್ಣೆ ತುರುಕ್ತೀನಿ. ಸಿಳ್ಳಿ ಹಾಕೋ ಧೈರ್ಯ ಇದ್ರ ಹಾಕ್ಲಿ."

ಪಶುವೈದ್ಯರು ಉಣ್ಣೆ ತುರುಕಿದ ಕಿವಿ ನೋಡಿದರು, ನನ್ನಿಂದ ಎಷ್ಟೋ ಸಲ ಸಿಳ್ಳೆ ಹಾಕಿಸಿ ಓಡಿಸಿ ನೋಡಿದರು, ಒಪ್ಪಿದರು. ಅಂಗಿ ಬಿಚ್ಚಿ ಅವಳಿಗೆ ಕೊಟ್ಟೆ.

ಬಿಸಿಲು ಇಳಿಯುವ ಮೊದಲು ಬಾವುಟ ಬಿತ್ತು. ನಾನು ಸಾಲಿನಲ್ಲಿ ನಡೆದೆ, ಕುಕ್ಕುಲೋಟಕ್ಕೆ ಬಂದೆ, ಲಗಾಮು ಬಿಟ್ಟೆ. ದುರ್ಗದ ಗುಡ್ಡ ಅವಳ ಬೆನ್ನ ಹಿಂದಿತ್ತು. ಸಾಲಾಗಿ ಬರುವ ಕುದುರೆಗಳ ಎದುರು ಒಬ್ಬಳೇ ಮುಂದಾಗಿ ಬರುವುದು ಎಂಥದೆಂದು ಆಗ ತಿಳಿಯಿತು. ನಮಗೆ ಅಕ್ಕಪಕ್ಕದ ಮೊಣಕಾಲಿನ ಧೈರ್ಯ. ಅವಳಿಗೆ ಕುದುರೆ ಬಿಟ್ಟರೆ ಯಾರೂ ಇಲ್ಲ. ಅವಳು ಗೆರೆಯಿಂದ ಕೂದಲೆಳೆಯಷ್ಟೂ ಸರಿಯಲಿಲ್ಲ. ಬಲಕ್ಕೆ ಬಲ ತಗುಲುವಂತೆ ಹಾಯ್ದೆವು. ಕತ್ತಿಗೆ ಕತ್ತಿ ಮುಟ್ಟಿಸಬೇಕು ಎಂದಷ್ಟೇ ಹೇಳಿದ್ದರು. ಅವಳು ಹೊಡೆದಳು. ನನ್ನ ಅಲ್ಯುಮಿನಿಯಂ ಕತ್ತಿ ಬಾಗಿ ಕೈಯಿಂದ ಹಾರಿತು. ಮೊಣಕೈ ತನಕ ಜುಮ್ಮೆಂದಿತು. ಸಿನಿಮಾದಲ್ಲಿ ಆ ಚಿತ್ರವನ್ನೇ ಇಟ್ಟಿದ್ದಾರಂತೆ.

ಊರಿಗೆ ಬಂದ ಮೇಲೆ ಬಾಗಳಿಯವರಿಗೆ ನಾನೇ ಫೋನು ಮಾಡಿದೆ. ಹುಡುಗಿ ಬರುವುದಾದರೆ ಕುದುರೆ ಬರುತ್ತವೆ, ಇಲ್ಲವಾದರೆ ಇಲ್ಲ ಎಂದೆ. ಅವರು ಬೇರೆಯವರನ್ನು ನೋಡಿಕೊಂಡರು. ನೋಡಿಕೊಳ್ಳಲಿ.

ಮೊನ್ನೆ ತಂಬ್ರಹಳ್ಳಿಯಲ್ಲಿ ಮದುವೆ. ಮದುಮಗ ಇಳಿದ. ಬಾಗಿಲಿನ ಒಂದು ಪಕ್ಕ ನಾನು, ಸರದಾರ. ಇನ್ನೊಂದು ಪಕ್ಕ ತಂಗಿ, ಮಲ್ಲಿಗೆ. ನಾನು ಸಿಳ್ಳೆ ಹಾಕಿದೆ. ಸರದಾರ ಎದ್ದ. ಮಲ್ಲಿಗೆಯ ಕಿವಿಯಲ್ಲಿ ಉಣ್ಣೆ ಇರಲಿಲ್ಲ. ಆದರೂ ಕಿವಿ ಕೂಡ ಅಲುಗಿಸದೆ ನಾಲ್ಕು ಕಾಲೂರಿ ನಿಂತಿತ್ತು. ಸರದಾರ ಇಳಿಯುವ ತನಕ ತಂಗಿ ಕಾದಳು. ಆಮೇಲೆ ಏನು ಮಾಡಿದಳೋ ನನಗೆ ಕಾಣಲಿಲ್ಲ, ಮಲ್ಲಿಗೆ ತಾನೊಂದೇ ಎದ್ದು ಸಲಾಮು ಮಾಡಿತು. ಆ ಹೊಸ ಸನ್ನೆ ಯಾವುದೆಂದು ಅವಳು ಹೇಳಿಲ್ಲ. ನಾನು ಕೇಳುವುದಿಲ್ಲ.

"ಏನಲೇ, ಜೋಡಿ ತಪ್ಪಿತಲ್ಲ," ಎಂದರು ಹೆಣ್ಣಿನ ಕಡೆಯ ಹಿರಿಯರು. "ಆ ಹುಡುಗಿಗಿ ಕುದ್ರಿ ಹಿಡಿಯಾಕ ಬರದಿಲ್ಲೇನು?"

ತಂಗಿ ನನ್ನ ಕಡೆ ನೋಡಲಿಲ್ಲ. ಮಲ್ಲಿಗೆಯ ಬಾಯಿಗೆ ಬೆಲ್ಲ ಕೊಡುತ್ತಿದ್ದಳು.

"ಅಕಿಗೆ ಬರ್ತೈತಿ. ಆ ಕುದ್ರಿ ನನ್ ಸಿಳ್ಳಿ ಕೇಳದಂಗ ಅಕೀನಾ ಮಾಡ್ಯಾಳ," ಎಂದೆ, ವಾದ್ಯದವರಿಗೂ ಕೇಳುವಂತೆ. "ಯಾಕ ಅಂತ ಕೇಳ್ರಿ. ಹೇಳ್ತೀನಿ."

ಅವರು ಕೇಳಿದರು. ಮದುಮಗ ಬಾಗಿಲಲ್ಲಿ ಕಾಯುತ್ತಾ ನಿಂತಿದ್ದ. ನಾನು ಮೊದಲಿನಿಂದ ಹೇಳಿದೆ.